ಹೊಂಡದೊಳಗಿನ ಹಳದಿ ಬಿಲ್ಲೆಗಳು

ನಮ್ಮ ಊರಿಗೆ ಬಿಸಿಲು ಒಂಬತ್ತು ದಿನಕ್ಕೊಮ್ಮೆ ಬರುತ್ತದೆ. ಉಳಿದ ಎಂಟು ದಿನ ಮಬ್ಬು. ಕತ್ತಲೆಯೇನಲ್ಲ. ಮುಖ ಕಾಣುತ್ತದೆ, ದಾರಿ ಕಾಣುತ್ತದೆ, ಆದರೆ ಯಾರ ನೆರಳೂ ನೆಲಕ್ಕೆ ಬೀಳುವುದಿಲ್ಲ. ಹೊರಗಿನಿಂದ ಬಂದವರು ಮಳೆ ಬರುತ್ತದೇನೋ ಎಂದು ಮೊದಲ ದಿನ ಕೊಡೆ ಬಿಚ್ಚುತ್ತಾರೆ, ನಾಲ್ಕನೇ ದಿನ ಮಡಚುತ್ತಾರೆ, ಆರನೇ ದಿನ ಗಂಟುಮೂಟೆ ಕಟ್ಟುತ್ತಾರೆ. ನಾವು ಇಲ್ಲೇ ಹುಟ್ಟಿದವರು. ಮಗುವಿಗೆ ಎಷ್ಟು ತಿಂಗಳು ಎಂದು ಕೇಳುವುದಿಲ್ಲ, ಎಷ್ಟು ಬಿಸಿಲು ಎಂದು ಕೇಳುತ್ತೇವೆ. ಬಿಸಿಲ ದಿನ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಮದುಮಗನ ತಾಯಿಯೇ ಬರುವುದಿಲ್ಲ, ಅವಳು ಹಾಸಿಗೆ ಒಣಗಿಸುತ್ತಿರುತ್ತಾಳೆ. ಅಂದು ಬೆಳಕು ಹರಿಯುವುದೇ ತಡ, ಕಂಬಳಿ, ಮೆಣಸಿನಕಾಯಿ, ಒದ್ದೆ ಸೌದೆ, ಮುದುಕಿಯರು, ಎಲ್ಲವೂ ಬೀದಿಗೆ ಬರುತ್ತವೆ.

ನನ್ನ ಹೆಸರು ತುಂಗಮ್ಮ. ಹಪ್ಪಳದ ತುಂಗಮ್ಮ ಎಂದರೆ ಊರಾಚೆಯ ಕೈಮರದ ತನಕ ಗೊತ್ತು. ಎಂಟನೇ ಮಬ್ಬಿನ ದಿನ ಉದ್ದಿನ ಹಿಟ್ಟು ಕಲಸಿ, ಒರಳಲ್ಲಿ ಕುಟ್ಟಿ, ಲಟ್ಟಿಸಿ, ಮಾರನೆಯ ದಿನ ಒಣಗಿಸಿದರೆ ನನ್ನ ದುಡಿಮೆ ಮುಗಿಯಿತು. ಉಳಿದ ಏಳು ದಿನ ತುಂಗಮ್ಮ ಬಾಯಿಗೆ ಕೆಲಸ ಕೊಡುತ್ತಾಳೆ ಎಂದು ನೆರೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಗಂಡ ತೀರಿಕೊಂಡ ಮೇಲೆ ಮಗ ರೇವಣ್ಣನನ್ನು ಸಾಕಿದ್ದು ಇದೇ ಬಾಯಿ, ಇದೇ ಲಟ್ಟಣಿಗೆ.

ನಮ್ಮಲ್ಲಿ ಇನ್ನೊಂದು ಕಟ್ಟಳೆ ಉಂಟು. ಕೆಟ್ಟದ್ದನ್ನು ಎಣಿಸಬಾರದು. ಸೀಳಿದ ಮಡಕೆ, ಹುಳಿಬಂದ ಹಿಟ್ಟು, ಅಳತೆ ತಪ್ಪಿದ ರವಿಕೆ, ಏನೇ ಕೆಡಲಿ, ಬಿಸಿಲ ದಿನ ಹೊತ್ತು ಮುಳುಗುವ ಮೊದಲು ಬೀದಿ ಕೊನೆಯ ಹೊಂಡಕ್ಕೆ ಹಾಕಿ, ಕೈ ತೊಳೆದು, ತಿರುಗಿ ನೋಡದೆ ಮನೆಗೆ ಬರಬೇಕು. ಆಮೇಲೆ ಅದರ ಮಾತೆತ್ತಬಾರದು. ಕೆಟ್ಟದ್ದನ್ನು ಎಣಿಸಿದರೆ ಒಂಬತ್ತು ಹದಿನೆಂಟಾಗುತ್ತದೆ ಎಂಬುದು ನಮ್ಮ ಕಡೆಯ ಗಾದೆ. ಅಂದರೆ ಸೂರ್ಯ ಒಂದು ಸರದಿ ತಪ್ಪಿಸುತ್ತಾನೆ. ಹಾಗಾದದ್ದನ್ನು ಯಾರೂ ಕಂಡಿಲ್ಲ, ಯಾಕೆಂದರೆ ಯಾರೂ ಎಣಿಸಿಲ್ಲ. ಹೊಂಡದ ಹಲಗೆಯ ಮುಚ್ಚಳಕ್ಕೆ ಬೀಗ, ಬೀಗದ ಕೈ ಮುದುಕ ಸಿಂಗಾರಯ್ಯನ ಉಡಿದಾರದಲ್ಲಿ. ಬಿಸಿಲ ದಿನ ಸಂಜೆ ಅವನು ಬೀಗ ತೆಗೆದು, ಮುಖ ಆಚೆ ತಿರುಗಿಸಿ ಕೂರುತ್ತಾನೆ.

ಕೆಟ್ಟದ್ದು ಎಂದರೆ ಮಡಕೆ ಹಪ್ಪಳ ಮಾತ್ರವಲ್ಲ. ನನ್ನ ಸೊಸೆ ಜಲಜೆಗೆ ಎರಡು ವರ್ಷದ ಹಿಂದೆ ದಿನ ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು. ಬೊಗಸೆಯಷ್ಟು. ಮೊದಲ ಮಬ್ಬಿನ ದಿನ ಹುಟ್ಟಿದ್ದು. ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಮಲಗಿಸುವ ಕಾವಿನ ಪೆಟ್ಟಿಗೆ ಒಂದಿದೆ. ಚಾವಣಿಯ ಸೋಲಾರ್ ಹಲಗೆಗಳು ಬಿಸಿಲ ದಿನ ಬ್ಯಾಟರಿ ತುಂಬಿಸುತ್ತವೆ, ಅದು ನಾಲ್ಕು ದಿನ ಬರುತ್ತದೆ. ಐದನೇ ದಿನ ಪೆಟ್ಟಿಗೆ ಆರಿತು. ಜಲಜೆಗೆ ಆಗ ಜ್ವರ, ಮೈಮೇಲೆ ಎಚ್ಚರವಿರಲಿಲ್ಲ. ಅವಳು ಕಣ್ಣು ಬಿಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾವು ಮಗುವನ್ನು ಮಣ್ಣು ಮಾಡಿ, ಕೈ ತೊಳೆದು, ತಿರುಗಿ ನೋಡದೆ ಬಂದೆವು. ಅಂದಿನಿಂದ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಜಲಜೆ ನನ್ನೊಡನೆ ಉಪ್ಪು ಬೇಕು, ಸೌದೆ ಮುಗಿಯಿತು ಎನ್ನುವಷ್ಟು ಮಾತ್ರ ಮಾತಾಡುತ್ತಿದ್ದಳು. ನಾನು ಮಾತಿನಮಲ್ಲಿ, ನನಗೂ ಬಾಯಿ ಬರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಫಾಲಾಕ್ಷ ಎಂಬ ವಿಜ್ಞಾನಿ ಊರಿಗೆ ಬಂದರು. ಮುಚ್ಚಿಹೋದ ಟಾಕೀಸನ್ನು ಬಾಡಿಗೆಗೆ ಹಿಡಿದು, ಮೂರು ಗಾಡಿ ಸಾಮಾನು ಇಳಿಸಿದರು. ಪರದೆ ಇದ್ದ ಜಾಗದಲ್ಲಿ ಒಂದು ಯಂತ್ರದ ಕೈ ನಿಂತಿತು. ಬರೀ ಕೈ. ಮೈಯಿಲ್ಲ, ತಲೆಯಿಲ್ಲ. ಅದು ಶೀಶೆಗಳಿಂದ ಹನಿ ಹನಿ ಎತ್ತಿ ಬೆರೆಸಿ, ಎರಡು ಬೆರಳಗಲದ ಗಾಜಿನ ಬಿಲ್ಲೆಯ ಮೇಲೆ ಬಿಟ್ಟು, ಬುಗುರಿಯಂತೆ ತಿರುಗಿಸಿ ತೆಳ್ಳಗೆ ಹರಡಿ, ಕಾದ ತಟ್ಟೆಯ ಮೇಲಿಡುತ್ತಿತ್ತು. ಬಿಲ್ಲೆ ಕಂದುಗಪ್ಪಾಗಿ ಹೊಳೆಯುತ್ತಿತ್ತು. ಊರವರು ಅದಕ್ಕೆ ಕೈಯವಳು ಎಂದು ಹೆಸರಿಟ್ಟರು. "ಎದುರಾಡಲ್ಲ, ಅಡುಗೆಮನೆ ಬಿಟ್ಟು ಅಲ್ಲಾಡಲ್ಲ, ಹಿಂಗಿರ್ಬೇಕು ನೋಡು ಸೊಸೆ" ಎಂದು ಸಿಂಗಾರಯ್ಯ ನನಗೆ ಹೇಳಿದ. "ನಿನ್ ಬಾಯಲ್ಲಿ ಹಲ್ಲಿಲ್ಲ ಸಿಂಗಾರಣ್ಣ, ಅದ್ಕೇ ಇಂಥ ಮೆತ್ತನೇ ಮಾತು ಬರ್ತವೆ" ಎಂದೆ. "ಹಲ್ಲಿನ ಸೆಟ್ ಐತೆ, ಪೆಟ್ಟಿಗೇಲಿ ಇಟ್ಟಿವ್ನಿ" ಎಂದು ಅವನು ಸಿಡುಕಿದ.

ಫಾಲಾಕ್ಷ ನನ್ನನ್ನು ಕೆಲಸಕ್ಕೆ ಕರೆದದ್ದು ನನ್ನ ಹಪ್ಪಳ ನೋಡಿ. ಹಪ್ಪಳವನ್ನು ದೀಪಕ್ಕೆ ಹಿಡಿದು, "ಇಷ್ಟು ತೆಳು, ಎಲ್ಲಾ ಕಡೆ ಒಂದೇ ಸಮ. ಹೇಗಮ್ಮ ಮಾಡ್ತೀರಿ?" ಎಂದರು. ಕೈಗೆ ಗೊತ್ತಾಗುತ್ತದೆ ಎಂದೆ. ಅವರು ನಕ್ಕು, ತಮ್ಮ ಕೆಲಸವೇನೆಂದು ನನಗೆ ತಿಳಿಯುವ ಹಾಗೆ ಹೇಳಿದರು. ಹೊರಗಿನಿಂದ ತರಿಸುವ ಸೋಲಾರ್ ಹಲಗೆ ಕಡುಬಿಸಿಲು ತಡೆಯುತ್ತದೆ, ಮಬ್ಬಿನಲ್ಲಿ ನಿದ್ದೆ ಹೊಡೆಯುತ್ತದೆ. ಈ ಹೊಸ ಕಂದು ಲೇಪ ಮಬ್ಬಿನಲ್ಲೂ ದುಡಿಯುತ್ತದೆ, ಆದರೆ ಕಡುಬಿಸಿಲು ಬಿದ್ದ ದಿನ ಸಾಯುತ್ತದೆ. ಎರಡರಲ್ಲೂ ಬಾಳುವಂಥದ್ದು ಬೇಕು.

"ಐದಾರು ಉಪ್ಪು, ಮೂರು ದ್ರಾವಣ, ಎಷ್ಟು ಕಾವು, ಎಷ್ಟು ಹೊತ್ತು, ಇವನ್ನ ಬೆರೆಸೋ ದಾರಿ ಲಕ್ಷ ಲಕ್ಷ ಇದೆ ತುಂಗಮ್ಮ. ನಾನೊಬ್ಬನೇ ಕೂತರೆ ಮೂರು ಜನ್ಮ ಸಾಲಲ್ಲ. ಅದಕ್ಕೇ ಈ ಕೈ. ಅದರ ಹಿಂದಿರೋ ಕಂಪ್ಯೂಟರು, ಮಾಡಿದ್ದರ ಫಲ ನೋಡಿ ಕಲಿಯತ್ತೆ. ಕಲಿತು, ಮುಂದೆ ಯಾವ ಅರವತ್ತು ಹದ ಮಾಡಿದರೆ ಒಳ್ಳೇದು ಅಂತ ತಾನೇ ಆರಿಸತ್ತೆ."

"ಹಪ್ಪಳಕ್ಕೆ ಸೋಡಾ ಹೆಚ್ಚಾದ್ರೆ ಕೆಂಪಾಗ್ತದೆ, ಕಮ್ಮಿಯಾದ್ರೆ ಅರಳಲ್ಲ. ಇಷ್ಟೇ ತಾನೆ ಸಾರ್?"

"ಇಷ್ಟೇ" ಎಂದರು. ದೊಡ್ಡ ಓದಿನವರು ಇಷ್ಟೇ ಎಂದು ಒಪ್ಪಿಕೊಂಡದ್ದು ನನಗೆ ಹಿಡಿಸಿತು.

ನನ್ನ ಕೆಲಸ ಇಷ್ಟು. ಕೈಯವಳು ಮಾಡಿದ ಅರವತ್ತು ಬಿಲ್ಲೆಗಳ ಮೂಲೆಯಲ್ಲಿ ಮೊಳೆಯಿಂದ ಅಂಕಿ ಗೀರಿ, ಟಾಕೀಸಿನ ಚಾವಣಿಯ ಕಂಬಿಗಳ ಮೇಲೆ ಸಾಲಾಗಿ ಇಡುವುದು. ಎಂಟು ದಿನವೂ ಬೆಳಿಗ್ಗೆ ಮೀಟರಿನ ಎರಡು ಮುಳ್ಳು ತಾಗಿಸಿ ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆಯುವುದು. ಒಂಬತ್ತನೇ ದಿನ, ಬಿಸಿಲು ಬಿದ್ದಾದ ಮೇಲೆ, ಕೊನೆಯ ಅಂಕಿ ಬರೆದು ಪುಸ್ತಕ ಕೆಳಗೆ ಕೊಡುವುದು. ಫಾಲಾಕ್ಷ ಅದನ್ನು ಕಂಪ್ಯೂಟರಿಗೆ ಉಣಿಸುತ್ತಿದ್ದರು. ಬಿಸಿಲ ದಿನ ಅವರಿಗೆ ಚಾವಣಿ ಹತ್ತಲು ಪುರಸೊತ್ತಿರಲಿಲ್ಲ. ಬ್ಯಾಟರಿ ತುಂಬುವ ಒಂದೇ ದಿನ ಅದು, ಬೆಳಗಿನಿಂದ ಬೈಗಿನ ತನಕ ಬ್ಯಾಟರಿಗಳನ್ನು ತುಂಬಿಸುತ್ತಾ ಕೈಯವಳನ್ನು ಮುಂದಿನ ಸರದಿಗೆ ಅಣಿಮಾಡುತ್ತಿದ್ದರು.

ಮೊದಲ ಬಿಸಿಲ ದಿನವೇ ಅರವತ್ತರಲ್ಲಿ ನಲವತ್ತಮೂರು ಬಿಲ್ಲೆ ಹಳದಿಗಟ್ಟಿದವು. ಮಧ್ಯಾಹ್ನದ ಹೊತ್ತಿಗೆ ಕಂದು ಬಣ್ಣ ಇಳಿದು, ಅರಿಸಿನ ಬಳಿದ ಹಾಗೆ ಆದವು. ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ಸಂಜೆ ನಾನು ಏನು ಮಾಡಿದೆ ಗೊತ್ತೇ? ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿದೆ. ಹಳೇ ಸೀರೆಯ ಚೂರಿನಲ್ಲಿ ನಲವತ್ತಮೂರನ್ನೂ ಗಂಟು ಕಟ್ಟಿ, ಹೊಂಡಕ್ಕೆ ಹಾಕಿ, ಕೈ ತೊಳೆದುಕೊಂಡೆ. ಪುಸ್ತಕದಲ್ಲಿ ಆ ಅಂಕಿಗಳ ಎದುರಿನ ಮನೆಗಳನ್ನು ಖಾಲಿ ಬಿಟ್ಟೆ. ಕೆಟ್ಟದ್ದನ್ನು ಬರೆಯುವುದೂ ಎಣಿಸಿದ ಹಾಗೇ ಅಲ್ಲವೇ? ಉಳಿದ ಹದಿನೇಳು ಬಣ್ಣ ಮಾಸಿ, ಅರ್ಧಕ್ಕರ್ಧ ಬಲ ಕಳೆದುಕೊಂಡು, ಕುಂಟುತ್ತಾ ಬದುಕಿದ್ದವು. ಅವುಗಳ ಅಂಕಿಯನ್ನು ಮುತ್ತು ಪೋಣಿಸಿದ ಹಾಗೆ ಬರೆದುಕೊಟ್ಟೆ.

ಫಾಲಾಕ್ಷ ಖಾಲಿ ಮನೆಗಳನ್ನು ನೋಡಿ, "ಇಷ್ಟೊಂದು ಎಲ್ಲಿ ಹೋದವು?" ಎಂದರು. ನಾನು ಮೀಟರಿನ ತಂತಿ ಸುತ್ತತೊಡಗಿದೆ. ಅದೇ ಹೊತ್ತಿಗೆ ಚಾವಣಿಯ ಮೇಲಿಂದ ಒಂದು ಕೋತಿ ಧಡ್ಡನೆ ಹಾರಿತು. "ಓ, ಇವುಗಳ ಕೆಲಸ" ಎಂದರು ಅವರು. ನಾನು ಅಲ್ಲ ಎನ್ನಲಿಲ್ಲ, ಹೌದೆನ್ನಲೂ ಇಲ್ಲ. ಕೋತಿಗಳೂ ಒಂದಿಷ್ಟು ಬಿಲ್ಲೆ ಹೊತ್ತೊಯ್ದದ್ದು ಸುಳ್ಳಲ್ಲ. ಆದರೆ ಅವುಗಳ ತಲೆಗೆ ಕಟ್ಟಿದ ಅಪವಾದಕ್ಕೆ ಲೆಕ್ಕವಿಲ್ಲ. ಪಾಪ, ಬಲೆ ಕಟ್ಟಿಸಿದರು, ಬೆದರುಬೊಂಬೆ ನಿಲ್ಲಿಸಿದರು. ಬೊಂಬೆಯ ಟೋಪಿಯನ್ನು ಕೋತಿ ಹಾಕಿಕೊಂಡು ಓಡಾಡಿತು.

ಹೀಗೆ ನಲವತ್ತೈದು ಬಿಸಿಲು ಕಳೆದವು. ಅಷ್ಟರಲ್ಲಿ ಜಲಜೆ ಮತ್ತೆ ಬಸುರಿಯಾದಳು. ರೇವಣ್ಣ ಗಾಡಿ ಹೊಡೆಯುವವನು, ಊರಾಚೆಗೆ ಹೋಗಿ ಹೆರಿಗೆ ಮಾಡಿಸೋಣವೆಂದ. ನಿತ್ಯ ಬಿಸಿಲು ಬರುವ ಊರಿಗೆ ಮೂರು ದಿನದ ಕಲ್ಲುದಾರಿ. ಹಿಂದೊಮ್ಮೆ ದಿನ ತುಂಬದೆ ಹೆತ್ತವಳನ್ನು ಆ ದಾರಿಯಲ್ಲಿ ಕುಲುಕಿಸಬೇಡಿ ಎಂದು ನರ್ಸಮ್ಮ ಬೈದು ಕಳಿಸಿದಳು. ಹಾಗಾಗಿ ನನ್ನ ಆಸೆಯೆಲ್ಲ ಟಾಕೀಸಿನ ಮೇಲೆ ನಿಂತಿತು. ಮಬ್ಬಿನಲ್ಲಿ ದುಡಿಯುವ ಲೇಪವೊಂದು ಸಿಕ್ಕಿಬಿಟ್ಟರೆ ಕಾವಿನ ಪೆಟ್ಟಿಗೆ ಐದನೇ ದಿನವೂ ಬೆಚ್ಚಗಿರುತ್ತದೆ. ದಿನಾ ಬೆಳಿಗ್ಗೆ ಕೈಯವಳಿಗೆ ಕೈಮುಗಿದೇ ಚಾವಣಿ ಹತ್ತುತ್ತಿದ್ದೆ.

ಒಂದು ಸಲ ಎರಡನೇ ಮಬ್ಬಿನ ಬೆಳಿಗ್ಗೆ ನಾನು ಹೋದಾಗ ಫಾಲಾಕ್ಷ ಕುರ್ಚಿಯಲ್ಲಿ ತಲೆ ಹಿಡಿದು ಕೂತಿದ್ದರು. ಕೈಯಲ್ಲಿ ಕಾಗದ. ಯಂತ್ರ ಕಳಿಸಿದವರು ಬರೆದದ್ದು. ಇನ್ನು ಆರು ಬಿಸಿಲಿನೊಳಗೆ ಬಾಳುವ ಬಿಲ್ಲೆ ಒಂದಾದರೂ ಸಿಗದಿದ್ದರೆ ಕೈಯನ್ನು ಬಿಚ್ಚಿ ವಾಪಸು ಕಳಿಸಬೇಕಂತೆ.

"ಅವರದೇನು ತಪ್ಪಿಲ್ಲಮ್ಮ" ಎಂದರು. "ಇಲ್ಲಿ ನೋಡಿ, ಮತ್ತೆ ಅದೇ ಹದ ಕೇಳ್ತಿದೆ. ಗಾಣದೆತ್ತಿನ ಹಾಗೆ ಅಲ್ಲೇ ಸುತ್ತುತ್ತಿದೆ. ತಾನು ಮಾಡಿದ್ದೆಲ್ಲ ಸುಮಾರಾಗಿ ಒಳ್ಳೇದೇ ಅಂದ್ಕೊಂಡಿದೆ ಇದು. ಯಾವುದು ಕೆಟ್ಟಿತು ಅಂತ ಗೊತ್ತಾದರೆ ತಾನೇ ಆ ಕಡೆ ಹೋಗಬಾರದು ಅಂತ ಕಲಿಯೋದು? ಇದಕ್ಕೆ ಕೆಟ್ಟದ್ದೇ ಪಾಠ. ಒಳ್ಳೇದರಿಂದ ಕಲಿಯೋದು ಕಮ್ಮಿ."

ನಾನು ಪುಸ್ತಕದ ಖಾಲಿ ಮನೆಗಳ ಮೇಲೆ ಅಂಗೈ ಇಟ್ಟೆ. "ಖಾಲಿ ಬಿಟ್ಟದ್ದನ್ನ ಅದು ಏನಂತ ತಿಳ್ಕೊಳ್ತದೆ ಸಾರ್?"

"ಏನೂ ತಿಳ್ಕೊಳಲ್ಲ. ಹುಟ್ಟೇ ಇಲ್ಲ ಅಂತ ಬಿಟ್ಟುಬಿಡತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಎಳೆದುಕೊಂಡೆ. ಹುಟ್ಟೇ ಇಲ್ಲ ಎಂಬ ಮಾತು ಕಿವಿಯಲ್ಲೇ ಉಳಿಯಿತು.

ಮನೆಗೆ ಬಂದರೆ ಜಲಜೆ ಜಗಲಿಯಲ್ಲಿ ಕೂತು ಉದ್ದು ಆರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ತಲೆ ಎತ್ತದೆ, "ಅತ್ತೆ, ಒಂದ್ ಮಾತು ಕೇಳ್ತೀನಿ, ಬೈಬ್ಯಾಡಿ" ಎಂದಳು. ಎರಡು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು.

"ಕೇಳವ್ವ."

"ಆವತ್ತು ಪೆಟ್ಟಿಗೆ ಯಾವಾಗ ಆರ್ತು? ಆಮ್ಯಾಕೆ ಏನಾಯ್ತು? ನೀವು ಅಲ್ಲೇ ಇದ್ರಿ. ನಂಗೆ ಯಾರೂ ಹೇಳ್ಲಿಲ್ಲ. ಗೊತ್ತಿದ್ರೆ ಈ ಸಲ ಏನಾರ ಬ್ಯಾರೆ ಮಾಡ್ಬೋದೇನೋ. ಏನೂ ಗೊತ್ತಿಲ್ದೆ ಮತ್ತೆ ಅದೇ ಹಾಸಿಗೆ ಮ್ಯಾಲೆ ಹೆಂಗ್ ಮಲಗ್ಲಿ?"

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೊಂಡ ನೆನಪಾಯಿತು, ಗಾದೆ ನೆನಪಾಯಿತು. ನಾನು ಬಾಯಿ ಬಿಟ್ಟು ಸೂರ್ಯ ಸರದಿ ತಪ್ಪಿಸಿದರೆ ಊರು ನನ್ನನ್ನು ಸುಟ್ಟುಹಾಕೀತು. ಆದರೆ ಇಲ್ಲಿ ನನ್ನ ಪಕ್ಕದಲ್ಲಿ ಕೂತ ಹುಡುಗಿ ಎರಡು ವರ್ಷದಿಂದ ಖಾಲಿ ಮನೆಗಳ ಪುಸ್ತಕವೊಂದನ್ನು ಒಬ್ಬಳೇ ಓದುತ್ತಿದ್ದಳು. ನಾನು ಹೇಳಿದೆ.

"ಐದನೇ ಮಬ್ಬು, ಹಾಲಿನೋನು ಬರೋ ಹೊತ್ತು. ಪೆಟ್ಟಿಗೆ ದೀಪ ಎರಡು ಸಲ ಮಿಣುಕಿ ಆರೋಯ್ತು. ನರ್ಸಮ್ಮ ಬಿಸಿನೀರಿನ ಬಾಟ್ಲಿ ಇಟ್ಲು. ನಾನು ರವಿಕೆ ಬಿಚ್ಚಿ ಎದೆಗೆ ಹಾಕ್ಕೊಂಡೆ ಕಣವ್ವ. ಮಧ್ಯಾಹ್ನದ ಗಂಟ ಇತ್ತು. ನನ್ನ ಬೆರಳು ಹಿಡ್ಕೊಂಡಿತ್ತು. ನಿನ್ ಥರಾನೇ ಅಗಲ ಹಣೆ."

ಜಲಜೆ ಮೊರವನ್ನು ಕೆಳಗಿಟ್ಟು ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ನಾನೂ ಅತ್ತೆ. ದಾರಿಯಲ್ಲಿ ಹೋಗುವವರು ನೋಡಿದರೆ ನೋಡಲಿ ಎಂದು ಅತ್ತೆ. ಎಷ್ಟೋ ಹೊತ್ತಾದ ಮೇಲೆ ಅವಳು ಮೂಗೊರೆಸಿಕೊಂಡು, "ಬೆರಳು ಹಿಡ್ಕೊಂಡಿತ್ತಾ?" ಎಂದು ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ ಹೇಳಿದೆ.

ಒಮ್ಮೆ ಕಟ್ಟೆ ಒಡೆದ ಮೇಲೆ ನೀರು ನಿಲ್ಲುತ್ತದೆಯೇ? ಮಾರನೆಯ ಬೆಳಿಗ್ಗೆ ಟಾಕೀಸಿಗೆ ಹೋಗಿ ಫಾಲಾಕ್ಷರ ಮುಂದೆ ಎಲ್ಲವನ್ನೂ ಒದರಿಬಿಟ್ಟೆ. ಅವರು ಕೂಗಾಡುತ್ತಾರೆಂದು ಕಾದೆ. ಅವರು ಚಾವಣಿಯ ಕಡೆ ನೋಡಿ, "ಹಾಗಾದ್ರೆ ನಾನು ಕೋತಿಗಳ ಕ್ಷಮೆ ಕೇಳಬೇಕು" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಹದಿಮೂರು ತಿಂಗಳು ಗಾಳಿಗೆ ಹೋದದ್ದು ಆ ಮುಖದಲ್ಲಿ ಕಾಣುತ್ತಿತ್ತು. ಬೈದಿದ್ದರೇ ನನಗೆ ಹಗುರಾಗುತ್ತಿತ್ತು.

"ಈಗ ಏನ್ ಮಾಡೋದು ಸಾರ್? ಖಾಲಿ ಬಿಟ್ಟಿದ್ದೆಲ್ಲಾ ಹಳದೀನೇ ಅಂತ ಬರಕೊಳ್ಳಿ."

"ಅಂದಾಜು ಬೇಡ. ಕೋತಿ ಹೊತ್ತುಕೊಂಡು ಹೋಗಿದ್ದರಲ್ಲಿ ಒಳ್ಳೇದೂ ಇದ್ದಿರಬಹುದು. ಸುಳ್ಳು ಪಾಠ ಹೇಳಿದರೆ ಇದು ಮತ್ತೆ ದಾರಿ ತಪ್ಪತ್ತೆ. ಬಿಲ್ಲೆಗಳ ಮೇಲೆ ಅಂಕಿ ಇದೆ ಅಲ್ವಾ?"

"ನಾನೇ ಗೀರಿದ್ದು."

"ಹೊಂಡದಲ್ಲಿ ಇವೆಯಾ?"

"ನಲವತ್ತೈದು ಗಂಟು."

ಆ ಹೊಂಡವನ್ನು ತೆಗೆಯುವುದೆಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾಲ್ಕನೇ ಮಬ್ಬಿನ ದಿನ ಬೆಳಿಗ್ಗೆ ನಾವಿಬ್ಬರೂ ಹಾರೆ, ಮಂಕರಿ, ಕೈಗವಸುಗಳನ್ನು ಹಿಡಿದು ಹೊಂಡದ ಬಳಿ ಹೋಗುವಷ್ಟರಲ್ಲಿ ಅರ್ಧ ಬೀದಿ ಅಲ್ಲಿತ್ತು. ಸಿಂಗಾರಯ್ಯ ಮುಚ್ಚಳದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಹೊಂಡಕ್ಕೆ ಹಾಕಿದ್ದು ಹೊಂಡದ್ದು ತುಂಗಿ. ತೆಗೆದ್ರೆ ಹದಿನೆಂಟಾಗ್ತದೆ. ಊರಿನ ಮೆಣಸಿನಕಾಯಿ, ಊರಿನ ಕಾಳು, ಎಲ್ಲಾ ಬೂಸಲು ಹಿಡೀತದೆ. ನೀನ್ ಕಟ್ಕೊಡ್ತೀಯಾ?"

"ನನ್ನ ಹಪ್ಪಳಾನೂ ಬೂಸಲು ಹಿಡೀತದೆ ಸಿಂಗಾರಣ್ಣ. ಗೊತ್ತಿದ್ದೇ ಬಂದಿವ್ನಿ."

ಜನ ಗುಜುಗುಜು ಮಾತಾಡಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ಜಲಜೆ ಬಂದಳು. ಹೊಟ್ಟೆಯ ಮೇಲೆ ಒಂದು ಕೈ, ಸೊಂಟದ ಮೇಲೆ ಒಂದು ಕೈ. ಮನೆಯಲ್ಲಿ ಕೂತಿರೆಂದು ಹೇಳಿ ಬಂದಿದ್ದೆ. ಎದುರಾಡದ ಸೊಸೆ ಯಾವ ಊರಲ್ಲಿದ್ದಾಳೆ? ಅವಳು ಸಿಂಗಾರಯ್ಯನ ಮುಂದೆ ನಿಂತು ಅಂಗೈ ಚಾಚಿದಳು.

"ಬೀಗದ ಕೈ ಕೊಡಿ ತಾತ."

"ಬ್ಯಾಡ ಮಗಾ. ಸೂರ್ಯ ಬರಲ್ಲ."

"ನಮ್ಮನೇಗೆ ಸೂರ್ಯ ಬಂದು ಎರಡು ವರ್ಷಾಯ್ತು ತಾತ. ನನ್ ಮಗಳು ಸತ್ತ ದಿನದಿಂದ ಬಂದಿಲ್ಲ. ನಾವು ಯಾರೂ ಎಣಿಸ್ಲಿಲ್ಲ, ಬಾಯೂ ಬಿಡ್ಲಿಲ್ಲ. ಆದ್ರೂ ಬರ್ಲಿಲ್ಲ. ಇನ್ನು ಹನ್ನೆರಡು ಬಿಸಿಲಿಗೆ ನಂಗೆ ದಿನ ತುಂಬ್ತದೆ. ಆಗ್ಲೂ ನೀವೆಲ್ಲಾ ಕೈ ತೊಳ್ಕೊಂಡು ಸುಮ್ಕಿರ್ತೀರಾ?"

ಬೀದಿಯಲ್ಲಿ ಸತ್ತ ಮಗುವಿನ ಮಾತನ್ನು ಗಟ್ಟಿಯಾಗಿ ಆಡಿದ್ದು ನಾನು ಕಂಡಂತೆ ಅದೇ ಮೊದಲು. ಸಿಂಗಾರಯ್ಯ ಅವಳ ಮುಖವನ್ನೂ ಹೊಟ್ಟೆಯನ್ನೂ ನೋಡಿದ. ಆಮೇಲೆ ಉಡಿದಾರದಿಂದ ಬೀಗದ ಕೈ ಬಿಚ್ಚಿ ಅವಳ ಅಂಗೈಯಲ್ಲಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದ.

ಮುಚ್ಚಳ ತೆಗೆದ ಮೇಲೆ ಆದದ್ದನ್ನು ಹೇಳಿದರೆ ನೀವು ನಂಬಲಿಕ್ಕಿಲ್ಲ. ಮೊದಲು ನಾನೊಬ್ಬಳೇ ಇಳಿದೆ. ನನ್ನ ಸೀರೆಯ ಗಂಟುಗಳು ಮೇಲೆ ಬರತೊಡಗಿದವು. ಅವುಗಳ ಮೇಲೆಲ್ಲ ಊರಿನ ಬೇರೆ ಬೇರೆ ಸಾಮಾನು ಬಿದ್ದಿತ್ತು, ತೆಗೆಯದೆ ವಿಧಿಯಿಲ್ಲ. ತೂತು ಬಿದ್ದ ಹಂಡೆಯೊಂದು ಮೇಲೆ ಬಂದಾಗ ಬಳೆಗಾರರ ಮನೆಯ ಹೆಂಗಸು ಮೆಲ್ಲಗೆ, "ಅದು ನಂದು" ಎಂದಳು. "ತವರಿನದು. ಒಲೆ ಮೇಲೆ ಮರೆತು ಸುಟ್ಟೆ. ಅವ್ವಂಗೆ ಇವತ್ತಿಗೂ ಹೇಳಿಲ್ಲ." ಇನ್ನೊಬ್ಬರು ತಾವು ಕೊರೆದು ಕೆಡಿಸಿದ ವೀಣೆಯ ಕೊಡವನ್ನು ಗುರುತಿಸಿದರು. ಹೊತ್ತೇರುವಷ್ಟರಲ್ಲಿ ಹತ್ತು ಹದಿನೈದು ಜನ ಹೊಂಡಕ್ಕಿಳಿದಿದ್ದರು. ಒಬ್ಬೊಬ್ಬರೂ ತಮ್ಮದನ್ನು ಕಂಡು ನಗುವುದು, ಕಣ್ಣೊರೆಸಿಕೊಳ್ಳುವುದು, ಹೇಗೆ ಕೆಟ್ಟಿತೆಂದು ಪಕ್ಕದವರಿಗೆ ಹೇಳುವುದು. ಮಧ್ಯಾಹ್ನ ಒಂದು ಹಲ್ಲಿನ ಸೆಟ್ಟು ಸಿಕ್ಕಿತು. ಇಡೀ ಬೀದಿ ಸಿಂಗಾರಯ್ಯನ ಕಡೆ ತಿರುಗಿತು. "ಒಸಡಿಗೆ ಒತ್ತುತಿತ್ತು" ಎಂದ ಅವನು, ನೆಲ ನೋಡುತ್ತಾ.

ಸಿಕ್ಕಿದ ಹಳದಿ ಬಿಲ್ಲೆಗಳು ಸಾವಿರದ ಎಂಟುನೂರ ಎಪ್ಪತ್ತನಾಲ್ಕು. ಅವನ್ನು ಬಸುರಿ ಮುಟ್ಟಬಾರದೆಂದು ಫಾಲಾಕ್ಷ ಕಟ್ಟುನಿಟ್ಟಾಗಿ ಹೇಳಿದ್ದರಿಂದ ಜಲಜೆ ದೂರದಲ್ಲಿ ಚಾಪೆ ಹಾಕಿ ಕೂತು, ನಾವು ಕೂಗಿದ ಅಂಕಿಗಳನ್ನು ಬರೆದುಕೊಂಡಳು. ಬಿಲ್ಲೆಗಳನ್ನು ತೊಳೆಯುತ್ತಾ ನನಗೊಂದು ವಿಷಯ ಕಂಡಿತು. ಕೆಲವು ಅಂಚಿನಿಂದ ಹಳದಿಯಾಗಿದ್ದವು, ಕೆಲವು ನಡುವಿನಿಂದ. ಹಪ್ಪಳದಲ್ಲೂ ಹೀಗೇ. ಅಂಚು ಮೊದಲು ಸೀಳಿದರೆ ಒಣಗಿಸಿದ್ದು ಆತುರವಾಯಿತೆಂದು ಅರ್ಥ, ನಡು ಸೀಳಿದರೆ ಹಿಟ್ಟಿನ ಹದವೇ ತಪ್ಪಿದೆ. ಫಾಲಾಕ್ಷರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಜಲಜಾ, ಇನ್ನೊಂದು ಸಾಲು ಗೀರಮ್ಮ. ಅಂಚೋ ನಡುವೋ ಅಂತ" ಎಂದರು. ಎರಡು ದಿನ ಹಿಡಿಯಿತು. ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿದರು. ಅದು ಒಂದು ಇಡೀ ಹಗಲು ಮೆಲುಕು ಹಾಕಿ, ಅಂದಿನ ತನಕ ಒಮ್ಮೆಯೂ ಕೇಳದಿದ್ದ ಅರವತ್ತು ಹದ ಕೇಳಿತು. ಕೈಯವಳು ಅವನ್ನು ಮಾಡಿಕೊಟ್ಟಳು, ನಾನು ಹಳೇ ಬಿಲ್ಲೆಗಳನ್ನು ಇಳಿಸಿ ಹೊಸವನ್ನು ಚಾವಣಿಗೆ ಏರಿಸಿದೆ.

ಆದರೆ ಊರಿಗೆ ಅದರ ಚಿಂತೆಯಿರಲಿಲ್ಲ. ಒಂಬತ್ತನೇ ದಿನ ಏನಾಗುತ್ತದೆ ಎಂಬುದೇ ಚಿಂತೆ. ಎಂಟನೇ ದಿನ ನಾನು ಹಿಟ್ಟು ಕಲಸುವಾಗ ಕೈಗೆ ಹದವೇ ಸಿಗಲಿಲ್ಲ. ಮಾರನೆಯ ಬೆಳಿಗ್ಗೆ ಯಾರೂ ಹಾಸಿಗೆ ಹೊರಗೆ ತರಲಿಲ್ಲ. ಎಲ್ಲರೂ ಬರಿಗೈಯಲ್ಲಿ ಬೀದಿಗೆ ಬಂದು ಮೂಡಲ ಕಡೆ ಮುಖ ಮಾಡಿ ನಿಂತರು. ಜಲಜೆ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಮಬ್ಬು, ಮಬ್ಬು, ಇನ್ನೂ ಮಬ್ಬು. ಆಮೇಲೆ ಸಿಂಗಾರಯ್ಯನ ನೆರಳು ಅವನ ಕಾಲ ಕೆಳಗಿನಿಂದ ಮೆಲ್ಲಗೆ ಉದ್ದವಾಯಿತು. ಅವನು ಅದನ್ನು ನೋಡಿ, ಸೂರ್ಯನನ್ನು ನೋಡಿ, "ಒಂದ್ ಗಳಿಗೆ ತಡ" ಎಂದ. ಅಷ್ಟು ಹೊತ್ತಿಗೆ ಹೆಂಗಸರೆಲ್ಲ ಹಾಸಿಗೆ ತರಲು ಒಳಗೋಡಿದ್ದರು.

ಅಂದು ಸಂಜೆ ಐವತ್ತೆರಡು ಬಿಲ್ಲೆ ಹಳದಿಯಾದವು. ಹಿಂದೆಂದಿಗಿಂತ ಹೆಚ್ಚು. ನಾನು ಐವತ್ತೆರಡನ್ನೂ ಬರೆದೆ, ಅಂಚು ನಡು ಸಮೇತ. ಫಾಲಾಕ್ಷ ಅದನ್ನು ನೋಡಿ, "ಐವತ್ತೆರಡು ಪಾಠ!" ಎಂದು ಶಿಳ್ಳೆ ಹಾಕಿದರು. ಆ ಮನುಷ್ಯನಿಗೆ ಶಿಳ್ಳೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಎರಡನೇ ಬಿಸಿಲಿಗೆ ನಲವತ್ತೊಂಬತ್ತು. ಮೂರನೆಯದಕ್ಕೆ ಒಂದು ಬಿಲ್ಲೆ ಅಂಚಿನಲ್ಲಷ್ಟೇ ಹಳದಿಯಾಗಿ ನಡುವೆ ಚೂರೂ ಮಾಸದೆ ಕಂದಾಗಿಯೇ ಉಳಿಯಿತು. ಕಂಪ್ಯೂಟರು ಅದನ್ನೇ ಹಿಡಿದು, ಕಾವು ತಗ್ಗಿಸಿ ಹೊತ್ತು ಹೆಚ್ಚಿಸಿತು, ನಾನು ಆತುರದ ಹಪ್ಪಳಕ್ಕೆ ಮಾಡುವ ಹಾಗೇ. ನಾಲ್ಕು, ಐದು. ಆರನೇ ಬಿಸಿಲ ದಿನ ಹೊತ್ತಿಳಿಯುವಾಗ ಫಾಲಾಕ್ಷ ಕೈಯವಳನ್ನು ಬಿಟ್ಟು ತಾವೇ ಚಾವಣಿ ಹತ್ತಿ ಬಂದರು. ಅರವತ್ತರಲ್ಲಿ ನಾಲ್ಕು ಬಿಲ್ಲೆ ನೇರಳೆಹಣ್ಣಿನ ಹಾಗೆ ಕಪ್ಪಗೆ ಹೊಳೆಯುತ್ತಿದ್ದವು. ಮೀಟರು ತಾಗಿಸಿದೆ. ಮೊದಲ ದಿನ ಎಷ್ಟಿತ್ತೋ ಅಷ್ಟೇ. ಅವರು ನನ್ನ ಕೈಯಿಂದ ಮೀಟರು ಕಿತ್ತುಕೊಂಡು ತಾವೂ ತಾಗಿಸಿದರು. ಆಮೇಲೆ ಬೆದರುಬೊಂಬೆಯನ್ನು ತಬ್ಬಿಕೊಂಡರು, ನನ್ನನ್ನು ತಬ್ಬಿಕೊಳ್ಳಲು ಸಂಕೋಚವಾಗಿರಬೇಕು.

ಕೈಯವಳು ಊರಲ್ಲೇ ಉಳಿದಳು. ಮುಂದಿನ ಮಬ್ಬುಗಳಲ್ಲಿ ಆ ನಾಲ್ಕರ ಹದದಲ್ಲೇ ಹಪ್ಪಳದಗಲದ ಬಿಲ್ಲೆಗಳನ್ನು ಮಾಡಿದಳು. ಆಸ್ಪತ್ರೆಯ ಚಾವಣಿಯ ಮೇಲೆ ಅವನ್ನು ಜೋಡಿಸಲು ಊರೇ ಬಂತು. ಏಣಿ ಹಿಡಿದವನು ಸಿಂಗಾರಯ್ಯ. ಏಳನೇ ಬಿಸಿಲು ಕಳೆದ ಮಾರನೆಯ ದಿನ, ಮೊದಲ ಮಬ್ಬಿನಲ್ಲಿ, ಜಲಜೆಗೆ ನೋವು ಕಾಣಿಸಿತು. ಈ ಮಗುವಿಗೂ ಆತುರ. ಹೆಣ್ಣು. ಅಕ್ಕನಿಗಿಂತ ಒಂದು ಹಿಡಿ ಹೆಚ್ಚು, ಅಷ್ಟೇ. ನರ್ಸಮ್ಮ ಮಗುವನ್ನು ಎತ್ತಿ ಕಾವಿನ ಪೆಟ್ಟಿಗೆಗೆ ಹಾಕಿದಳು.

ಎರಡು, ಮೂರು, ನಾಲ್ಕು. ನಾನು ಹಾಸಿಗೆಯ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಐದನೇ ಮಬ್ಬಿನ ಬೆಳಿಗ್ಗೆ ಜಲಜೆ ಎದ್ದು ಕೂತು, ಗೋಡೆಗೊರಗಿ, ಪೆಟ್ಟಿಗೆಯ ದೀಪವನ್ನೇ ನೋಡುತ್ತಿದ್ದಳು. ಹೊರಗೆ ಹಾಲಿನವನ ಗಂಟೆ ಕೇಳಿಸಿತು. ನಮ್ಮಿಬ್ಬರ ಕೈಗಳೂ ಒಂದನ್ನೊಂದು ಹುಡುಕಿಕೊಂಡವು. ಗಂಟೆ ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು, ಕೇಳಿಸದಾಯಿತು. ದೀಪ ಮಿಣುಕಲಿಲ್ಲ. ಪೆಟ್ಟಿಗೆಯೊಳಗೆ ಮಗು ಒಮ್ಮೆ ಮೈಮುರಿದು, ಮೂತಿ ಚೂಪು ಮಾಡಿ, ಮತ್ತೆ ಮಲಗಿತು.

"ಅತ್ತೆ, ನಿಮ್ ಪುಸ್ತಕ ತಂದಿದ್ದೀರಾ?" ಎಂದಳು ಜಲಜೆ.

ನನ್ನ ಚೀಲದಲ್ಲಿ ಅದು ಇದ್ದೇ ಇರುತ್ತದೆ. ಹೊಸ ಹಾಳೆ ತೆಗೆದು ಪೆನ್ಸಿಲು ಹಿಡಿದೆ. "ಮೊದ್ಲು ದೊಡ್ಡೋಳ್ದು ಬರೀರಿ" ಎಂದಳು. ಬರೆದೆ. ಮೊದಲನೆಯವಳು, ಐದನೇ ಮಬ್ಬು, ಹಾಲಿನ ಹೊತ್ತಿಗೆ ದೀಪ ಆರಿತು, ಮಧ್ಯಾಹ್ನದವರೆಗೆ ಇದ್ದಳು, ಬೆರಳು ಹಿಡಿದುಕೊಂಡಿದ್ದಳು. ಜಲಜೆ ಇಣುಕಿ ಓದಿ, "ಅಗಲ ಹಣೆ" ಎಂದಳು. ಅದನ್ನೂ ಸೇರಿಸಿದೆ. ಅದರ ಕೆಳಗೆ ಎರಡನೆಯ ಸಾಲು ಹಿಡಿದೆ. ಎರಡನೆಯವಳು, ಐದನೇ ಮಬ್ಬು, ಹಾಲಿನ ಹೊತ್ತು ಕಳೆಯಿತು, ದೀಪ ಉರಿಯುತ್ತಿದೆ.